ನರ್ಸ್ ಬರೆದ ಮಾತ್ರೆ

ಗೆಳತಿಯರೇ, ಇದು ನಮ್ಮ ಗುಂಪಿನಾಚೆ ಹೋಗದಿರಲಿ. ನಾನು ಮತ್ತೆ ಬಸುರಿ. ಮಗಳಿಗಿನ್ನೂ ಕೂರಲು ಬರುವುದಿಲ್ಲ. ಜನವರಿಯಲ್ಲಿ ಈ ಪರದೇಶದ ಕಿಸ್ಟಾ ಎಂಬಲ್ಲಿ ಕೆಲಸಕ್ಕೆ ಸೇರಬೇಕಿತ್ತು, ಅದೂ ಹೋಯಿತು.

ಬೇಸಿಗೆಯಲ್ಲಿ ಇಲ್ಲಿನ ಕ್ಲಿನಿಕ್ಕಿನ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸುವ ನರ್ಸ್, ಗರ್ಭ ನಿಲ್ಲದಿರಲೆಂದು ಮಾತ್ರೆ ಬರೆದುಕೊಟ್ಟಿದ್ದಳು. ಈ ದೇಶದಲ್ಲಿ ಆಕೆಗೆ ಆ ಅಧಿಕಾರವಿದೆ, ಸರ್ಕಾರದ ರಿಯಾಯಿತಿಯೂ ಸಿಗುತ್ತದೆ. ನಮ್ಮ ಯಜಮಾನರು ಚೀಟಿಯನ್ನು ಮಡಚಿ ಜೇಬಿಗಿಟ್ಟರು.

“ಸರ್ಕಾರಿ ಮಾತ್ರೆ, ಅದೂ ನರ್ಸ್ ಬರೆದಿರೋದು. ಬೇಡ ಬಿಡು. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗ್ತೀವಲ್ಲ, ನಮ್ಮ ಡಾಕ್ಟರ್ ಹತ್ರನೇ ಬರೆಸ್ಕೊಳ್ಳೋಣ.”

ಇವತ್ತು ಅದೇ ಮಿಡ್‌ವೈಫ್ ಎದುರು ಕೂತಿದ್ದೆವು. “ಮಾತ್ರೆ ತಗೊಳ್ಳಲಿಲ್ವಾ?” ಎಂದು ಆಕೆ ನನ್ನನ್ನು ಕೇಳಿದಳು. ಇವರು ನೆಲ ನೋಡಿದರು. ಆಮೇಲೆ, “ಇವಳನ್ನ ನೋಡೋ ಡಾಕ್ಟರ್ ಯಾರು?” ಎಂದರು.

“ತೊಂದರೆ ಏನೂ ಇಲ್ಲದಿದ್ದರೆ ಡಾಕ್ಟರ್ ಬೇಕಾಗಲ್ಲ. ಕೊನೇವರೆಗೂ ನಾನೇ ನೋಡ್ತೀನಿ. ಹೆರಿಗೆಯನ್ನೂ ನಮ್ಮಂಥ ಮಿಡ್‌ವೈಫೇ ಮಾಡಿಸ್ತಾಳೆ.”

“ಓಕೆ, ಥ್ಯಾಂಕ್ಯೂ” ಎಂದರು, ಬಹಳ ವಿನಯದಿಂದ.

ಒಂದು ಮಾತ್ರೆ ಬರೆಯುವುದಕ್ಕೆ ಸಾಲದಿದ್ದ ಕೈ, ನನ್ನ ಜೀವ ಹಿಡಿದುಕೊಳ್ಳುವುದಕ್ಕೆ ಧಾರಾಳವಾಗಿ ಸಾಕಾಯಿತು.