ಕುಂದು ಹುಡುಕುವವನೊಬ್ಬ ಬೇಕು

ನಮ್ಮ ಮನೆಗೆ ಬಂದವರಿಗೆ ಚಹಾ ಸಿಗುವ ಮೊದಲು ನನ್ನ ಕಂಪ್ಯೂಟರಿನ ದರ್ಶನವಾಗುತ್ತದೆ. ಇದು ಒಳ್ಳೆಯ ಅಭ್ಯಾಸವಲ್ಲವೆಂದು ಹೇಳಿ ಹೇಳಿ ಸೋತ ಹೆಂಡತಿ ಈಗ ಚಹಾವನ್ನು ಬೇಗ ಮಾಡಲು ಕಲಿತಿದ್ದಾಳೆ. ಅತಿಥಿಗಳನ್ನು ಬಿಡಿಸಲು ಅವಳಿಗೆ ಉಳಿದ ದಾರಿ ಅದೊಂದೇ. ಆದರೂ ಅವಳು ತಟ್ಟೆ ಹಿಡಿದು ಬರುವಷ್ಟರಲ್ಲಿ ನಾನು ಗಾಜಿನ ಬದಿ ತೆರೆದು, "ಈ ಫ್ಯಾನ್ ಉಂಟಲ್ಲ..." ಎಂದು ಶುರುಮಾಡಿರುತ್ತೇನೆ.

ಇಡಿಯಾಗಿ ಕೊಂಡು ತಂದ ಕಂಪ್ಯೂಟರನ್ನು ತೋರಿಸುವುದರಲ್ಲಿ ಏನಿದೆ ಹೇಳಿ? ಅದು ಕಂಪನಿಯವರ ಜಾಣತನ. ನನ್ನದು ಹಾಗಲ್ಲ. ಇದರ ಪೆಟ್ಟಿಗೆ ಹವಲ್ಲಿಯ ಅಂಗಡಿಯದು, ಗ್ರಾಫಿಕ್ಸ್ ಕಾರ್ಡು ಕುವೈತ್ ಬಿಟ್ಟು ಹೊರಟ ಈಜಿಪ್ಟಿನವನೊಬ್ಬನದು, ಪರದೆ ಬಾಗಿಲು ಮುಚ್ಚಿದ ಯಾವುದೋ ಆಫೀಸಿನದು. ಧೂಳು ಸೋಸುವ ಜಾಲರಿಯಂತೂ ಹೆಂಡತಿಯ ನೈಲಾನ್ ಕಾಲುಚೀಲ. ಧೂಳುಗಾಳಿ ಎದ್ದ ದಿನ ಈ ಊರಿನಲ್ಲಿ ಮುಚ್ಚಿದ ಕಿಟಕಿಯೊಳಗೂ ಅನ್ನದ ಮೇಲೆ ಮರಳು ಕೂರುತ್ತದೆ, ಕಂಪ್ಯೂಟರಿನ ಪಾಡೇನು? ಕಾಲುಚೀಲ ಕತ್ತರಿಸಿ ಮುಂದಿನ ಫ್ಯಾನಿನ ಬಾಯಿಗೆ ಬಿಗಿದೆ. ಅವಳು ಒಂದು ವಾರ ಒಂಟಿ ಕಾಲುಚೀಲ ಹಿಡಿದು ಮನೆಯೆಲ್ಲ ಹುಡುಕಿದಳು.

ನನ್ನ ಓದು ಪಿಯುಸಿಗೆ ನಿಂತಿತು, ಚೌಕಾಸಿ ಮಾತ್ರ ಇನ್ನೂ ನಿಂತಿಲ್ಲ. ಕಟ್ಟಡ ಸಾಮಗ್ರಿಯ ಕಂಪನಿಯೊಂದಕ್ಕೆ ಮಾಲು ಕೊಳ್ಳುವುದೇ ನನ್ನ ಹೊಟ್ಟೆಪಾಡು. ಆ ಅನುಭವದ ಮೇಲೆ ನಿಮಗೆ ಎರಡು ಮಾತು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಒಂದು, ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆದು ನೋಡಿ. ಮನೆಗೆ ಬಂದ ಮೇಲೆ ಕಂಡ ದೋಷಕ್ಕೆ ವಾರಸುದಾರ ನೀವೇ. ಇನ್ನೊಂದು, ಜಗಳವಾಡದೆ ಬೆಲೆ ಇಳಿಸಿದವನನ್ನು ನಂಬಬೇಡಿ. ಒಮ್ಮೆ ಅಂಗಡಿಯವನೊಬ್ಬ ನಾನು ಹೇಳಿದ ಮೊದಲ ಬೆಲೆಗೇ "ಯಲ್ಲಾ, ತಗೊಂಡು ಹೋಗಿ" ಎಂದ. ಗೆದ್ದೆನೆಂದು ಹಿಗ್ಗಿ ಮನೆಗೆ ಬಂದೆ. ವಸ್ತು ಕೆಟ್ಟಾಗ ಹೋಗಿ ನೋಡಿದರೆ ಅಂಗಡಿಗೆ ಶಟರ್ ಬಿದ್ದಿತ್ತು. ವ್ಯಾಪಾರ ಮುಂದುವರಿಸುವವನು ಜಗಳವಾಡುತ್ತಾನೆ. ಮುಚ್ಚಿ ಹೊರಟವನು ಮಾತ್ರ ಒಪ್ಪಿಬಿಡುತ್ತಾನೆ.

ನಮ್ಮಲ್ಲಿ ಹೊಸ ಮನೆಗೆ ದೃಷ್ಟಿಬೊಂಬೆ ಕಟ್ಟುತ್ತಾರೆ, ಹೊಸ ಕಾರಿನ ಚಕ್ರಕ್ಕೆ ಲಿಂಬೆಹಣ್ಣು ಇಡುತ್ತಾರೆ, ಮುದ್ದಾದ ಮಗುವಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ. ಚಂದದ ವಸ್ತುವಿಗೆ ಒಂದು ಕುಂದು ಬೇಕೆಂದು ಹಿರಿಯರಿಗೆ ಗೊತ್ತಿತ್ತು. ನನ್ನ ಕಂಪ್ಯೂಟರಿನ ಕಪ್ಪು ಬೊಟ್ಟು ಹಮೀದ್.

ಹಮೀದ್ ವಿಟ್ಲದ ಕಡೆಯ ಬ್ಯಾರಿ. ಜಾಬ್ರಿಯಾದ ಕ್ಲಿನಿಕ್ ಒಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಶುಕ್ರವಾರದ ನಮಾಜು, ಬಿರಿಯಾನಿ ಎರಡೂ ಮುಗಿದ ಮೇಲೆ ಅಬ್ಬಾಸಿಯಾದ ನಮ್ಮ ಫ್ಲ್ಯಾಟಿಗೆ ಬಂದು, ನಾನು ಹೊಸದಾಗಿ ಏನು ಜೋಡಿಸಿದ್ದೇನೆಂದು ನೋಡಿ ಬೈದು ಹೋಗುವುದು ಅವನ ವಾರದ ಕಾರ್ಯಕ್ರಮ. ಬಣ್ಣದ ದೀಪ ಹಾಕಿಸಿದರೆ, "ಎಂಥ ಮಾರಾಯ, ಇದು ಕಂಪ್ಯೂಟರಾ, ಬ್ಯೂಟಿ ಪಾರ್ಲರಾ?" ವೈರುಗಳನ್ನು ಒಪ್ಪವಾಗಿ ಕಟ್ಟಿದರೆ, "ಎಷ್ಟು ಕಟ್ಟಿದ್ರೂ ನಿಂದು ಬಿರಿಯಾನಿಗೆ ಹುರಿದ ನೀರುಳ್ಳಿಯೇ."

ನಾನೇನು ಬಿಡುವವನೇ? ಅವನು ಲ್ಯಾಪ್‌ಟಾಪ್ ಬಿಸಿಯಾಗದಿರಲೆಂದು ಓವನ್ನಿನ ಕಂಬಿ ಜಾಲರಿಯ ಕೆಳಗೆ ಎರಡು ಫ್ಯಾನ್ ಕೂರಿಸಿ ಸ್ಟ್ಯಾಂಡ್ ಮಾಡಿಕೊಂಡಿದ್ದ. "ಎಷ್ಟು ಹೊತ್ತು ಬೇಯಿಸ್ಬೇಕು ಹಮೀದಾಕ, ಒಮ್ಮೆ ಮಗುಚಿ ಹಾಕ್ತೀರಾ?" ಎಂದು ಸುಳ್ಳು ಮರ್ಯಾದೆ ಕೊಟ್ಟು ಕೇಳುತ್ತಿದ್ದೆ.

ನಮ್ಮ ದೊಡ್ಡ ಜಗಳ ಹಿಂದಿನ ಫ್ಯಾನಿನ ಬಗ್ಗೆ. ಲೋಕದ ಎಲ್ಲ ಕಂಪ್ಯೂಟರುಗಳಲ್ಲೂ ಅದು ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ. ಹಮೀದನ ವಾದವೇ ಬೇರೆ. "ನಿನ್ನ ಪೆಟ್ಟಿಗೆಯ ಬೆನ್ನಿಗೆ ಸರೀ ಎಸಿ ಬೀಸ್ತದೆ. ಫ್ಯಾನ್ ತಿರುಗಿಸಿ ಹಾಕು, ತಂಪು ಒಳಗೆ ಬರ್ಲಿ. ಬಾಗಿಲಿಗೆ ಬಂದ ನೆಂಟನನ್ನು ಯಾರಾದ್ರೂ ದೂಡ್ತಾರಾ?"

"ಲೋಕಕ್ಕೆ ಇಲ್ಲದ ಬುದ್ಧಿ ನಿಂಗೆ!"

"ಲೋಕದವರ ಮನೆಯಲ್ಲಿ ಎಸಿ ಎಲ್ಲಿ ಉಂಟೂಂತ ನಂಗೆ ಗೊತ್ತಿಲ್ಲ. ನಿಂದು ಗೊತ್ತುಂಟು."

ಈ ವರ್ಷ ಅವನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನವೀಕರಣವಾಗಲಿಲ್ಲ. ಊರಿನಲ್ಲಿ ಭಾವನ ಟೈಲ್ಸ್ ಅಂಗಡಿ ಇದೆ, ಅಲ್ಲಿ ಕೂರುತ್ತೇನೆ, ಇಲ್ಲಿಯದು ಖಲಾಸ್ ಎಂದ. ಅವನು ನೋಡುವ ಕೊನೆಯ ಶುಕ್ರವಾರಕ್ಕೆ ನಾನು ನೀರು ಹರಿದು ತಂಪಾಗುವ ಹೊಸ ಕೂಲರ್ ಜೋಡಿಸಿದೆ. ನಿಜ ಹೇಳಬೇಕೆಂದರೆ ಅದು ನನಗೆ ಬೇಕಾಗಿರಲಿಲ್ಲ. ಅವನು ದಾರಿಯುದ್ದಕ್ಕೂ ನೆನೆದು ನಗುವಂಥ ಒಂದು ಬೈಗುಳ ಅವನ ಬಾಯಿಂದ ಕೇಳಬೇಕಿತ್ತು, ಅಷ್ಟೇ.

ಹಮೀದ್ ಬಂದ, ಬಗ್ಗಿ ನೋಡಿದ, "ಒಳ್ಳೆದಾಗಿದೆ ಮಾರಾಯ" ಎಂದ.

ನಾನು ಕಾದೆ. "ಆ ಪೈಪು ಸ್ವಲ್ಪ ಓರೆ ಆಯ್ತಲ್ವಾ?" ಎಂದು ನಾನೇ ಎತ್ತಿ ಕೊಟ್ಟೆ.

"ಇಲ್ಲ, ಸರಿ ಉಂಟು. ಚಂದ ಉಂಟು."

ಎದೆಯಲ್ಲಿ ಶಟರ್ ಬಿದ್ದ ಸದ್ದು ಕೇಳಿಸಿತು. ಇವನು ಅಂಗಡಿ ಮುಚ್ಚಿದ್ದಾನೆ, ಇನ್ನು ನನ್ನೊಡನೆ ಜಗಳವಾಡುವ ವ್ಯಾಪಾರ ಇವನಿಗಿಲ್ಲ ಎಂದುಕೊಂಡೆ. ಪರೋಟ ತರುವ ನೆಪದಲ್ಲಿ ಕೆಳಗಿನ ಹೋಟೆಲಿಗಿಳಿದು, ಬೇಕೆಂದೇ ತಡಮಾಡಿ ಬಂದೆ. ಅವನು ಮದುವೆಮನೆಗೆ ಬಂದ ದೂರದ ನೆಂಟನ ಹಾಗೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದ. ಅದನ್ನು ನೋಡಿ ಇನ್ನಷ್ಟು ಬೇಸರವಾಯಿತು. ಅವನು ಹೊರಡುವ ದಿನ ಏರ್‌ಪೋರ್ಟಿಗೂ ಹೋಗದೆ, ಆಫೀಸಿನಲ್ಲಿ ಅರ್ಜೆಂಟ್ ಡೆಲಿವರಿ ಎಂದು ಫೋನಿನಲ್ಲೇ ಹೇಳಿ ಮುಗಿಸಿದೆ. "ಪರ್ವಾಗಿಲ್ಲ, ಪರ್ವಾಗಿಲ್ಲ" ಎಂದ. ಆದರೂ ವಿಮಾನದ ಹೊತ್ತನ್ನು ಎರಡು ಸಲ ಹೇಳಿ ಫೋನಿಟ್ಟ.

ಆಮೇಲೆ ಒಂದು ವಿಚಿತ್ರವಾಯಿತು. ಕಂಪ್ಯೂಟರ್ ಮೊದಲಿಗಿಂತ ತಣ್ಣಗೆ, ಸದ್ದಿಲ್ಲದೆ ಓಡತೊಡಗಿತು. ಬಂದವರಿಗೆಲ್ಲ ಹೊಸ ಕೂಲರನ್ನೂ ಅದನ್ನು ಜೋಡಿಸಿದ ಕೈಯನ್ನೂ ಕೊಂಡಾಡಿಕೊಂಡೆ. ತೋರಿಸುವವನ ಕಣ್ಣು ವಸ್ತುವಿನ ಮೇಲಿರುವುದಿಲ್ಲ, ನೋಡುವವರ ಮುಖದ ಮೇಲಿರುತ್ತದೆ. ಹಾಗಾಗಿ ನಾನೂ ಒಳಗೆ ನೋಡಲಿಲ್ಲ.

ಮೊನ್ನೆ ದೊಡ್ಡ ಧೂಳುಗಾಳಿ ಎದ್ದಿತು. ಮರುದಿನ ಶುಚಿಮಾಡಲೆಂದು ಪೆಟ್ಟಿಗೆಯನ್ನು ಗೋಡೆಯಿಂದ ಈಚೆಗೆಳೆದೆ. ಹಿಂದಿನ ಫ್ಯಾನಿನ ಬಾಯಿಗೆ ನೈಲಾನ್ ಕಾಲುಚೀಲದ ತುಂಡೊಂದು ಬಿಗಿದಿತ್ತು. ಅದು ನಾನು ಕಟ್ಟಿದ್ದಲ್ಲ. ಫ್ಯಾನ್ ತಿರುಗಿ ಕೂತಿತ್ತು, ಎಸಿಯ ತಂಪನ್ನು ಒಳಗೆಳೆದುಕೊಳ್ಳುತ್ತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. "ಅಂತೂ ಕಂಡಿತಲ್ಲ! ನೀವು ಪರೋಟಕ್ಕೆ ಹೋದಾಗ ಹಮೀದಣ್ಣ ಸ್ಕ್ರೂಡ್ರೈವರ್ ಕೇಳಿದ್ರು. ಆ ಒಂಟಿ ಕಾಲುಚೀಲವನ್ನೂ ಕೊಟ್ಟೆ. ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ರು."

ಕೂಡಲೇ ಫೋನ್ ಮಾಡಿದೆ. ಆ ಕಡೆ ಯಾರೋ ಟೈಲ್ಸ್ ಕತ್ತರಿಸುವ ಸದ್ದು. "ಕಳ್ಳ ಬ್ಯಾರೀ, ನನ್ನ ಫ್ಯಾನಿಗೆ ಎಂಥ ಮಾಡಿದ್ದಿ?" ಎಂದು ಕೂಗಿದೆ.

ಹಮೀದ್ ಉಸಿರು ಕಟ್ಟುವಂತೆ ನಕ್ಕ. "ಇಷ್ಟು ದಿನ ಬೇಕಾಯ್ತಾ ನಿಂಗೆ? ದಿನಾ ಫೋನ್ ನೋಡ್ತಿದ್ದೆ, ಇವತ್ತು ಬೈತಾನೆ, ನಾಳೆ ಬೈತಾನೆ ಅಂತ. ನಿಂಗೆ ಸಂಶಯ ಬರ್ಬಾರ್ದೂಂತಲೇ ಅವತ್ತು ಚಂದ ಉಂಟು ಅಂದದ್ದು." ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಏರ್‌ಪೋರ್ಟಿಗೆ ಬರ್ತಿ, ಅಲ್ಲಿ ಹೇಳಿ ಓಡಿಹೋಗುವಾ ಅಂತ ಇದ್ದೆ ಮಾರಾಯ. ನಿನ್ನ ಆ ಹೊತ್ತಿನ ಮುಖ ನೋಡ್ಬೇಕಿತ್ತು" ಎಂದ.

ಆ ಮುಖವನ್ನು ಈಗ ನಾನು ಅವನಿಗೆ ಯಾವ ಅಂಗಡಿಯಿಂದ ತಂದುಕೊಡಲಿ?

ಫ್ಯಾನ್ ಹಾಗೆಯೇ ಇದೆ. ಅತಿಥಿಗಳಿಗೆ ಈಗ ಕಂಪ್ಯೂಟರಿನ ಬೆನ್ನನ್ನೇ ಮೊದಲು ತೋರಿಸುತ್ತೇನೆ. ಇದು ಹಮೀದನದು ಎನ್ನುತ್ತೇನೆ. ಚಹಾ ಬರುವವರೆಗೆ ಅಷ್ಟೇ ಮಾತು ಸಾಕಾಗುತ್ತದೆ. ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆದು ನೋಡಿ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಗೆಳೆಯ ಕೊಟ್ಟುಹೋದದ್ದನ್ನು ಮಾತ್ರ, ಅವನ ವಿಮಾನ ಇಳಿದು ಎಷ್ಟೋ ದಿನಗಳಾದ ಮೇಲೆ ತೆರೆದೆ.