ಭಾರಕ್ಕೆ ಟಾರು

ಹಿಂದಿನಿಂದ ಸೈಕಲ್ಲಿನಲ್ಲಿ ಬಂದು ಸುಮ್ಮಸುಮ್ಮನೆ ಬೆಲ್ಲು ಬಡಿಯುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ನಿನ್ನ ಕಣ್ಣಿಗೆ ಕಾಣುತ್ತಿದ್ದೇನೆ, ನನ್ನ ಮೀನಿನ ಬುಟ್ಟಿ ಕಾಣುತ್ತಿದೆ, ಪಕ್ಕದಲ್ಲಿ ಜಾಗ ಇಲ್ಲದ್ದೂ ಕಾಣುತ್ತಿದೆ. ಮತ್ತೆ ಎಂತಕ್ಕೆ ಬಡಿಯುತ್ತೀಯ ಮಾರಾಯ, ನಿನ್ನ ಮದುವೆಯ ದಿಬ್ಬಣ ಹೊರಟಿದೆಯೋ? ಎದುರುಗಾಳಿ ಇರುವಷ್ಟು ಹೊತ್ತು ನಮ್ಮ ಬೆನ್ನಿಗೆ ಅಂಟಿಕೊಂಡು ಬಂದು, ಊರು ಹತ್ತಿರವಾದ ಕೂಡಲೇ ಸರ್ರನೆ ಮುಂದೆ ಹೋಗಿ ಮೀನು ಬಂತೆಂದು ಮೊದಲು ಹಾರ್ನು ಒತ್ತುವವರನ್ನೂ ನೋಡಿದ್ದೇನೆ. ಬಾಯಿ ತುಂಬ ಎಲೆಯಡಿಕೆಯ ಕವಳ ಹಾಕಿಕೊಂಡು, ಹಿಂದೆ ಯಾರಿದ್ದಾರೆ ಎಂದು ತಿರುಗಿಯೂ ನೋಡದೆ ಪಿಚಕ್ಕನೆ ಉಗಿದವನೊಬ್ಬನನ್ನು ಕಾಗಾಲದ ಗದ್ದೆಯ ತನಕ ಅಟ್ಟಿಸಿಕೊಂಡು ಹೋಗಿ, ಅವನ ಅಂಗಿಯಿಂದಲೇ ನನ್ನ ಮುಖ ಒರೆಸಿಕೊಂಡಿದ್ದೆ. ಅವನು ಆಮೇಲೆ ಕವಳವನ್ನೇ ಬಿಟ್ಟನೆಂದು ಯಾರೋ ಹೇಳಿದರು.

ಇವೆಲ್ಲ ಸಣ್ಣ ಸಿಟ್ಟು. ತದಡಿಯಲ್ಲಿ ಮೀನಿನ ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಮೀನು ತುಂಬಿಕೊಂಡು, ಸೈಕಲ್ಲನ್ನೂ ದೋಣಿಗೆ ಹತ್ತಿಸಿ ಅಘನಾಶಿನಿ ಹೊಳೆ ದಾಟಿ, ಕಾಗಾಲದ ಮೇಲೆ ಕುಮಟೆಗೆ ಬಂದು ಹೆದ್ದಾರಿ ಹಿಡಿಯುತ್ತಿದ್ದ ನಮಗೆ ದೊಡ್ಡ ಸಿಟ್ಟಿನ ವಿಷಯ ಬೇರೆಯೇ ಇತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಹೆದ್ದಾರಿ ಎಂಬುದು ಹೆಸರಿಗೆ ಮಾತ್ರ. ಟಾರಿನ ಅಗಲ ಒಂದು ಲಾರಿ, ಅದರ ಬದಿಗೆ ಒಂದು ಸೈಕಲ್ಲು, ಅಷ್ಟೇ. ಟಾರಿನ ಅಂಚಿನಿಂದ ಕೆಳಗೆ ಗೇಣುದ್ದದ ಇಳಿತ, ಕೆಂಪು ಕಲ್ಲು, ಆಮೇಲೆ ಗಟಾರ. ಎದುರುಬದುರು ಎರಡು ಸೈಕಲ್ಲು ಬಂದು, ಅದೇ ಹೊತ್ತಿಗೆ ಲಾರಿಯೂ ಬಂದರೆ, ಒಂದು ಸೈಕಲ್ಲು ಟಾರು ಬಿಟ್ಟು ಕೆಳಗೆ ಇಳಿಯಲೇಬೇಕು. ಯಾವುದು ಇಳಿಯಬೇಕು ಎಂಬುದರಲ್ಲಿ ನಮ್ಮೊಳಗೆ ಎರಡು ಮಾತಿರಲಿಲ್ಲ. ಭಾರಕ್ಕೆ ಟಾರು. ಖಾಲಿ ಬುಟ್ಟಿಯವ ಇಳಿಯಬೇಕು. ಮೀನು, ಮಂಜುಗಡ್ಡೆ ತುಂಬಿದ ಬುಟ್ಟಿ ಹಿಂದೆ ಇದ್ದಾಗ ಚಕ್ರ ಅಂಚಿನಿಂದ ಜಾರಿತೋ, ಸೈಕಲ್ಲು ಮತ್ತೆ ನಮ್ಮ ಮಾತು ಕೇಳುವುದಿಲ್ಲ. ಹಾಗೆಯೇ ಇನ್ನೊಂದು ಪದ್ಧತಿ: ಭಾರದ ಸೈಕಲ್ಲನ್ನು ಹಿಂದಿನಿಂದ ಕೂಗದೆ ಮುಟ್ಟಬಾರದು. ಏರಿನಲ್ಲಿ ದೂಡಿ ಉಪಕಾರ ಮಾಡುವುದಿದ್ದರೂ ಮೊದಲು "ಹೋಯ್, ಕೈ ಕೊಡ್ತೆ" ಎನ್ನಬೇಕು.

ನನ್ನ ಗಂಡ ಬಿದ್ದದ್ದು ಧಾರೇಶ್ವರದ ಹತ್ತಿರದ ಇಳಿಜಾರಿನಲ್ಲಿ. ಅವರ ಬುಟ್ಟಿ ತುಂಬಿತ್ತು. ಎದುರಿನಿಂದ ಬಂದ ಖಾಲಿ ಸೈಕಲ್ಲಿನವ, ಯಾವ ಊರಿನವನೋ ಏನೋ, ಟಾರು ಬಿಡಲಿಲ್ಲ. ಹಿಂದೆ ಲಾರಿ. ಕೊನೆಗೆ ನನ್ನ ಗಂಡನೇ ಇಳಿಯಲು ಹೋದರು. ಬುಟ್ಟಿ ಹಿಂದಕ್ಕೆ ಎಳೆಯಿತು, ಅವರು ಟಾರಿನ ಮೇಲೆಯೇ ಬಿದ್ದರು, ಲಾರಿಯ ಹಿಂದಿನ ಚಕ್ರ ತೊಡೆಯ ಮೇಲೆ ಹಾದುಹೋಯಿತು. ಖಾಲಿ ಸೈಕಲ್ಲಿನವ ತಿರುಗಿಯೂ ನೋಡಲಿಲ್ಲವಂತೆ. ಜೀವ ಉಳಿಯಿತು, ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಅವರು ಹಾಸಿಗೆ ಹಿಡಿದು, ಗಾಯ ಮಾಯುವ ಮೊದಲೇ ನನ್ನ ಮೈದುನ, ಅಂದರೆ ಅವರ ಸ್ವಂತ ತಮ್ಮ, ಮನೆಯ ಜಗಲಿಯಲ್ಲಿ ಕೂತು ಮಾತು ತೆಗೆದ.

"ಅತ್ಗೆ ಬುಟ್ಟಿ ತಲೆ ಮ್ಯಾಲೆ ಹೊತ್ಕಂಡು ಪ್ಯಾಟೀಗೆ ಹೋಗ್ಲಿ. ಅಣ್ಣನ ದಾರಿ ನಾ ನೋಡ್ಕಂತೆ."

ದಾರಿ ಎಂದರೆ ನಮ್ಮಲ್ಲಿ ಆಸ್ತಿ. ಧಾರೇಶ್ವರದ ಕೇರಿಗಳಲ್ಲಿ ನನ್ನ ಗಂಡನ ಹಾರ್ನು ಕೇಳಿದರೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ಅಲ್ಲಿ ಬೇರೆಯವರು ಹಾರ್ನು ಒತ್ತುವಂತಿರಲಿಲ್ಲ. ಆದರೆ ಹಾರ್ನು ನಿಂತುಹೋದರೆ ಯಾರು ಮೊದಲು ಹೊಕ್ಕರೋ ಅವರದ್ದೇ. ಮೈದುನನಿಗೆ ಆಗಲೇ ಹೊನ್ನಾವರದ ಕಡೆಯ ದಾರಿ ಇತ್ತು. ನಮಗೆ ಇದ್ದದ್ದು ಇದೊಂದು. ಅದು ಹೋದರೆ ಒಲೆ ಆರಿದ ಹಾಗೆ.

"ದಾರಿ ಬಿಡೂದಿಲ್ಲ. ನಾನೇ ಹೋಗ್ತೆ" ಎಂದೆ.

"ಸೈಕಲ್ ಮ್ಯಾಲೆ? ನೀನು?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ನನಗೆ ಸೈಕಲ್ಲು ಬರುತ್ತಿತ್ತು. ಸಣ್ಣವಳಿದ್ದಾಗ ಇಳಿತದ ಹೊತ್ತಿನಲ್ಲಿ ಕಡಲ ದಂಡೆಯ ಗಟ್ಟಿ ಹೊಯ್ಗೆಯ ಮೇಲೆ ಅಣ್ಣನ ಸೈಕಲ್ಲು ಹೊಡೆದು ಕಲಿತವಳು. ಅತ್ತೆ ಉಡುತ್ತಿದ್ದ ಹಾಗೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟೆ, ಗಂಡಸರ ಸೈಕಲ್ಲಿನ ಅಡ್ಡಪಟ್ಟಿಯ ಮೇಲೆ ಕಾಲು ಹಾರಿಸಿದೆ. ಮೊದಲ ದಿನ ಧಕ್ಕೆಯಲ್ಲಿ ಸಿಳ್ಳೆ, ಕೇಕೆ, ಏನೆಲ್ಲ. ಆತು, ನಗಲಿ. ರಸ್ತೆಯಲ್ಲಿ ಎದುರು ಬಂದ ಖಾಲಿ ಸೈಕಲ್ಲಿನವರು ನಗುತ್ತಲೇ ಆದರೂ ಟಾರು ಬಿಟ್ಟು ಇಳಿದರು. ಪದ್ಧತಿ ಪದ್ಧತಿಯೇ.

ಮೈದುನ ಮಾತ್ರ ಇಳಿಯಲಿಲ್ಲ.

ಅವನು ಬೆಳಗಿನ ಜಾವದ ಮೊದಲ ದೋಣಿಗೇ ದಾಟಿ, ಹೊನ್ನಾವರದ ಖಾನಾವಳಿಗಳಿಗೆ ಬುಟ್ಟಿ ಸುರಿದು, ನಾನು ಇಳಿಜಾರು ತಲುಪುವ ಹೊತ್ತಿಗೆ ಖಾಲಿಯಾಗಿ ತಿರುಗಿ ಬರುತ್ತಿದ್ದ. ಹಾಗೆ ಒಂದು ದಿನ ನನ್ನ ಹಿಂದೆ ಲಾರಿ ಬರುವುದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ನಾನು ಹಾರ್ನು ಒತ್ತಿದೆ, ಕೂಗಿದೆ. ಅವನು ಹ್ಯಾಂಡಲಿನಿಂದ ಕೈ ತೆಗೆದು ಎದೆಯ ಮೇಲೆ ಕಟ್ಟಿಕೊಂಡು ನೆಟ್ಟಗೆ ಬಂದ.

"ಹೆಂಗಸಿಗೆ ಟಾರು ಬಿಡೂಕೆ ನಾ ಎಂತ ಬಳೆ ತೊಟ್ಕಂಡಿದ್ನನಾ?" ಎಂದು ಕೂಗುತ್ತಾ ಹೋದ.

ಲಾರಿಯ ಬಿಸಿ ಉಸಿರು ಕುತ್ತಿಗೆಗೆ ತಾಗಿದಾಗ ನಾನು ಅಂಚಿನಿಂದ ಹಾರಿದೆ. ಬುಟ್ಟಿ ನನ್ನ ಬೆನ್ನ ಮೇಲೆ ಬಿತ್ತು, ಹ್ಯಾಂಡಲು ಪಕ್ಕೆಗೆ ನಾಟಿತು, ಬಾಯಿಯೊಳಗೆ ಕೆಂಪು ಮಣ್ಣು ಮತ್ತು ರಕ್ತ. ಗಟಾರದ ತುಂಬ ಬಂಗಡೆ. ನಾನು ಏಳುವ ಮೊದಲೇ ಕಾಗೆಗಳು ಬಂದವು, ನಾಯಿಗಳು ಬಂದವು. ಕಲ್ಲು ತೂರಿ ಓಡಿಸುತ್ತಾ ಮೀನು ಹೆಕ್ಕಿದೆ. ಅಳು ಬರಲಿಲ್ಲ, ಅವನ ಕುತ್ತಿಗೆ ಸಿಕ್ಕಿದ್ದರೆ ಹಿಸುಕುತ್ತಿದ್ದೆ.

ಸಂಜೆ ಮನೆ ಹೊಕ್ಕರೆ ಗಂಡ ಗೋಡೆಗೆ ಒರಗಿ ಕೂತಿದ್ದರು.

"ಟಾರು ಬಿಟ್ಯನೆ?" ಎಂದು ನನ್ನ ಮೈಯ ಮಣ್ಣು ನೋಡಿ ಕೇಳಿದರು.

"ಬಿಟ್ಟೆ" ಎಂದೆ.

ಪಕ್ಕದಲ್ಲಿದ್ದ ತಂಬಿಗೆ ನನ್ನ ಹುಬ್ಬಿಗೆ ಬಂದು ಬಡಿಯಿತು. "ಅವತ್ತು ನಾ ಬಿಟ್ಟೆ. ನೋಡು, ಕಾಲು ನೋಡು! ಭಾರ ಇದ್ದಾಗ ಬಿಡೂದು ಸಾಯೂಕೆ. ನೀನೂ ಬಿದ್ರೆ ಈ ಮನೇಲಿ ಎದ್ದು ನಡ್ಯೂರು ಯಾರಿದ್ದಾರೆ?" ಅವರ ಬಾಯಿಯಿಂದ ಎಂಜಲು ಹಾರುತ್ತಿತ್ತು. ನಾನು ಆ ತಂಬಿಗೆಯನ್ನೇ ಎತ್ತಿ ತಿರುಗಿ ಎಸೆದೆ. ಅದು ಅವರ ಕಿವಿಯ ಪಕ್ಕದ ಗೋಡೆಗೆ ಹೊಡೆದು ನೆಗ್ಗಿತು. ಆಮೇಲೆ ಇಬ್ಬರೂ ಗಂಜಿ ಉಂಡೆವು. ಅವತ್ತಿನಿಂದ ದಿನಾ ಸಂಜೆ ನಾನು ಹೊಸಿಲು ದಾಟಿದ ಕೂಡಲೇ ಅದೇ ಪ್ರಶ್ನೆ. ನೆಗ್ಗಿದ ತಂಬಿಗೆ ಕೈಯಲ್ಲೇ ಇರುತ್ತಿತ್ತು.

ಮರುದಿನ ಧಕ್ಕೆಯಲ್ಲಿ ಮೈದುನ ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದ. ನಾನು ಸೈಕಲ್ಲಿನಿಂದ ಗಾಳಿ ಹಾಕುವ ಪಂಪು ಕಿತ್ತು ಅವನ ಬೆನ್ನಿಗೆ ಬಾರಿಸಿದೆ, ತಿರುಗಿದಾಗ ಭುಜಕ್ಕೆ ಬಾರಿಸಿದೆ. ಅವನ ಮುಷ್ಟಿ ನನ್ನ ದವಡೆಗೆ ಬಿತ್ತು, ಒಂದು ಹಲ್ಲು ಅಲ್ಲಿಯೇ ಹೋಯಿತು. ಮೀನಿನ ನೀರಿನಲ್ಲಿ ಇಬ್ಬರೂ ಜಾರಿ ಬಿದ್ದೆವು. ಬಿದ್ದಲ್ಲೇ ಅವನ ಕೈ ಕಚ್ಚಿದೆ. ಸೈಕಲ್ಲಿನವರಲ್ಲಿ ಎಲ್ಲರಿಗಿಂತ ಹಿರಿಯ ಮುದುಕ ನಮ್ಮಿಬ್ಬರ ಮೇಲೂ ಕಡಲ ನೀರು ಸುರಿದು ಬಿಡಿಸಿದ, ಬೀದಿನಾಯಿಗಳನ್ನು ಬಿಡಿಸುವ ಹಾಗೆ.

"ತಪ್ಪು ನಿಂದೇಯಾ" ಎಂದು ಮೈದುನನಿಗೆ ಹೇಳಿದ. "ಟಾರು ಕೊಡೂದು ಬುಟ್ಟೀಗೆ. ಬುಟ್ಟಿ ಹೊತ್ತದ್ದು ಹೆಂಗ್ಸೋ ಗಂಡ್ಸೋ, ನಿಂಗೆಂತಕ್ಕೆ?"

"ನಾ ಇಳ್ಯೂದಿಲ್ಲ" ಎಂದ ಮೈದುನ, ಕೈಯ ರಕ್ತ ಒರೆಸಿಕೊಳ್ಳುತ್ತಾ. "ಇನ್ನೊಂದ್ ಸಲ ಎದುರು ಸಿಕ್ರೆ ಲಾರಿ ಅಡೀಗೆ ಹೋಗ್ತಾಳೆ ಅವ್ಳು."

"ಹೋಗ್ತೆ. ನಿನ್ನ ಎಳ್ಕಂಡೇ ಹೋಗ್ತೆ" ಎಂದೆ. ಹಲ್ಲು ಹೋದ ಬಾಯಿಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ, ಆದರೂ ಅವನಿಗೆ ಕೇಳಿಸಿತು.

ಆಮೇಲೆ ನಾನು ಟಾರು ಬಿಡಲಿಲ್ಲ. ಅವನೂ ಬಿಡಲಿಲ್ಲ. ಲಾರಿ ಇಲ್ಲದ ದಿನಗಳಲ್ಲೂ ನಾವು ಹ್ಯಾಂಡಲಿಗೆ ಹ್ಯಾಂಡಲು ತಾಗಿಸಿಯೇ ಹಾದುಹೋಗುತ್ತಿದ್ದೆವು, ಇಬ್ಬರ ಬೆರಳ ಗೆಣ್ಣುಗಳೂ ಸುಲಿದಿರುತ್ತಿದ್ದವು. ಧಕ್ಕೆಯಲ್ಲಿ ಅವನು ನನ್ನ ಟಯರಿಗೆ ಜಾಲಿಮುಳ್ಳು ಚುಚ್ಚಿದ. ನಾನು ಅವನ ದೀಪಕ್ಕೆ ಕಲ್ಲು ಹಾಕಿದೆ. ಲಾರಿ ಬಂದಾಗಲೆಲ್ಲ ಹೇಗೋ ಕೂದಲೆಳೆಯಲ್ಲಿ ಪಾರಾದೆವು, ಒಂದೆರಡು ಸಲ ಲಾರಿಯವರೇ ಬ್ರೇಕು ಹಾಕಿ ನಮ್ಮಿಬ್ಬರ ಅಪ್ಪ ಅಮ್ಮನನ್ನು ಎಲ್ಲ ಭಾಷೆಗಳಲ್ಲೂ ಬೈದರು. ಇವರಲ್ಲೊಬ್ಬರು ಇವತ್ತೋ ನಾಳೆಯೋ ಸಾಯುತ್ತಾರೆ ಎಂದು ಧಕ್ಕೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ನನಗೂ ಹಾಗೆಯೇ ಅನಿಸಿತ್ತು. ಸಾಯುವವನು ಅವನೇ ಆಗಲಿ ಎಂದು ದಿನಾ ದೇವರ ಹತ್ತಿರ ಬಾಯಿಬಿಟ್ಟೇ ಕೇಳಿಕೊಳ್ಳುತ್ತಿದ್ದೆ.

ಒಂದು ದಿನ ಧಾರೇಶ್ವರದ ಮೊದಲ ಕೇರಿಯಲ್ಲೇ, ಬೊಂಬಾಯಿಯಿಂದ ನೆಂಟರು ಬಂದಿದ್ದ ಮನೆಯವರು ನನ್ನ ಬುಟ್ಟಿಯನ್ನೆಲ್ಲ ಸುರಿಸಿಕೊಂಡರು. ನಾನು ಖಾಲಿಯಾಗಿ ಕುಮಟೆಯ ಕಡೆ ತಿರುಗಿದೆ. ಅವತ್ತು ಅವನಿಗೆ ಚೈನು ಕಡಿದು ತಡವಾಗಿತ್ತಂತೆ, ಅದು ನನಗೆ ಗೊತ್ತಿರಲಿಲ್ಲ. ಅದೇ ಇಳಿಜಾರು. ನಾನು ಏರುತ್ತಿದ್ದೆ, ಅವನು ಮೇಲಿನಿಂದ ಇಳಿಯುತ್ತಿದ್ದ. ಬುಟ್ಟಿಯ ಮೇಲೆ ಇನ್ನೊಂದು ಬುಟ್ಟಿ, ಮಂಜುಗಡ್ಡೆಯ ನೀರು ಚಕ್ರದ ಮೇಲೆ ಸುರಿಯುತ್ತಿತ್ತು. ಅವನ ಬೆನ್ನ ಹಿಂದೆ, ಭಟ್ಕಳದ ಕಡೆ ಹೊರಟ ಲಾರಿ ಇಳಿಜಾರಿನ ವೇಗದಲ್ಲಿ ಬರುತ್ತಿತ್ತು.

ಈಗ ಖಾಲಿ ನಾನು, ಭಾರ ಅವನು.

ಅವನು ನನ್ನನ್ನು ನೋಡಿದ. ಅವನ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ನನ್ನ ಹಲ್ಲು ಹೋದ ಸಂದಿ ಜುಂ ಎಂದಿತು. ಸಾಯಿ, ಎಂದುಕೊಂಡೆ. ನಾನು ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಟಾರಿನ ಮೇಲೆ ಇದ್ದರೆ ಸಾಕಿತ್ತು, ಅವನು ನನಗೆ ಮಾಡಿದ್ದನ್ನೇ ನಾನು ಅವನಿಗೆ ಮಾಡಿದರೆ ಸಾಕಿತ್ತು. ಆದರೆ ಕಣ್ಣಿಗೆ ಬುಟ್ಟಿ ಬಿತ್ತು. ಹಗ್ಗ ಬಿಗಿದ, ಬಾಯಿಯವರೆಗೆ ತುಂಬಿದ ಬುಟ್ಟಿ, ಅದೇ ರಸ್ತೆ, ಹಿಂದೆ ಲಾರಿ. ನನ್ನ ಗಂಡ ಇಲ್ಲಿ ಹೀಗೆಯೇ ಕಂಡಿರಬೇಕು. "ನಿನ್ನ ಹೊಟ್ಟೆಗಿಷ್ಟು ಬೆಂಕಿ ಬೀಳ!" ಎಂದು ಗಂಟಲು ಹರಿಯುವ ಹಾಗೆ ಬೈಯುತ್ತಲೇ ನಾನು ಟಾರು ಬಿಟ್ಟು ಗಟಾರದ ಕಡೆ ಇಳಿದೆ.

ಅದೇ ಕ್ಷಣಕ್ಕೆ ಆ ಬದಿಯಲ್ಲಿ ಅವನೂ ಇಳಿದುಬಿಟ್ಟ!

ಲಾರಿ ನಮ್ಮಿಬ್ಬರ ನಡುವೆ, ಖಾಲಿ ಟಾರಿನ ಮೇಲೆ, ಹಾರ್ನು ಬಡಿಯುತ್ತಾ ಹೋಯಿತು. ಧೂಳು ಇಳಿದಾಗ ನೋಡಿದರೆ ಅವನ ಸೈಕಲ್ಲು ಮಗುಚಿತ್ತು, ಎರಡೂ ಬುಟ್ಟಿ ಅವನ ಕಾಲುಗಳ ಮೇಲೆ ಬಿದ್ದಿದ್ದವು, ಹಣೆ ಕಲ್ಲಿಗೆ ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ನಾನು ಓಡಿಹೋಗಿ ಬುಟ್ಟಿಗಳನ್ನು ಸರಿಸಿದೆ. ಕಾಲು ಮುರಿದಿರಲಿಲ್ಲ. ಮುರಿದಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಕೆನ್ನೆಗೆ ಬಾರಿಸಿದೆ, ಕೈ ಉರಿಯುವಷ್ಟು.

"ಭಾರ ಹೊತ್ಕಂಡು ಟಾರು ಬಿಡ್ತ್ಯನಾ? ಬಿಡ್ತ್ಯನಾ? ಸಾಯೂಕೆ ಹೊರಟಿದ್ಯನಾ?"

ಅವನು ಹೊಡೆತ ತಪ್ಪಿಸಿಕೊಳ್ಳಲಿಲ್ಲ.

"ನೀ ಇಳೀತೆ ಹೇಳಿ ನಂಗೆಂತ ಗೊತ್ತು ಅತ್ಗೆ?" ಎಂದ. "ನಾನಾಗಿದ್ರೆ ಇಳೀತಿರ್ಲಿಲ್ಲ."

ನನ್ನ ಕೈ ಎತ್ತಿದಲ್ಲೇ ನಿಂತಿತು. ಅವನ ಹಣೆಗೆ ನನ್ನ ಸೆರಗಿನ ಚೂರು ಹರಿದು ಕಟ್ಟಿದೆ. ಮೀನು ಹೆಕ್ಕಿದೆವು. ಅವನು ಕಾಗೆ ಓಡಿಸಿದ, ನಾನು ತುಂಬಿದೆ. ಅವನು ಕುಂಟುತ್ತಾ ಸೈಕಲ್ಲನ್ನು ಗಟಾರದ ಕಡೆಯಿಂದ ಟಾರಿಗೆ ಹತ್ತಿಸಲು ಹೊರಟಾಗ ನಾನು ಹಿಂದಿನಿಂದ "ಹೋಯ್, ಕೈ ಕೊಡ್ತೆ" ಎಂದು ಕೂಗಿದೆ. ಅವನು ತಿರುಗದೆ ತಲೆಯಾಡಿಸಿದ. ದೂಡಿದೆ. ಮರುದಿನ ಅವನು ಖಾಲಿಯಾಗಿ ಎದುರು ಬಂದಾಗ ಹಿಂದೆಯೂ ಮುಂದೆಯೂ ಒಂದು ಲಾರಿಯೂ ಇರಲಿಲ್ಲ. ಆದರೂ ದೂರದಿಂದಲೇ ಟಾರು ಬಿಟ್ಟು ಇಳಿದು, ಒಂದು ಕಾಲು ನೆಲಕ್ಕೂರಿ, ನಾನು ಹಾದುಹೋಗುವ ತನಕ ನಿಂತಿದ್ದ. ಧಾರೇಶ್ವರದ ದಾರಿಯ ಮಾತು ಅವನು ಮತ್ತೆ ಎತ್ತಲಿಲ್ಲ.

ಆದರೆ ಅದು ಮರುದಿನದ ಮಾತು. ಬಿದ್ದ ದಿನದ ಸಂಜೆ ನಾನು ಮನೆ ಹೊಕ್ಕಾಗ ಸೀರೆಯ ಮೇಲೆ ರಕ್ತ, ಮಣ್ಣು. ಗಂಡ ತಂಬಿಗೆ ಹಿಡಿದು ಕೂತಿದ್ದರು.

"ಟಾರು ಬಿಟ್ಯನೆ?"

"ಬಿಟ್ಟೆ."

ತಂಬಿಗೆ ಮೇಲೆ ಹೋಯಿತು.

"ನಾ ಖಾಲಿ ಇದ್ದೆ" ಎಂದೆ. "ಎದುರು ಬುಟ್ಟಿ ತುಂಬಿತ್ತು. ಹಿಂದೆ ಲಾರಿ."

"ಯಾರ ಬುಟ್ಟಿ?"

"ನಿಮ್ಮ ತಮ್ಮಂದು."

ಅವರ ಕೈ ನಿಧಾನಕ್ಕೆ ಕೆಳಗೆ ಇಳಿಯಿತು. ನನ್ನ ಹುಬ್ಬಿನ ಮೇಲೆ ಅವರೇ ಮಾಡಿದ ಕಲೆಯನ್ನು ನೋಡಿದರು.

"ಅವತ್ತು ನಂಗೆ ಎದುರು ನೀ ಬಂದಿದ್ರೆ ಆಗಿತ್ತು" ಎಂದರು.

ಅಷ್ಟು ಹೇಳಿ, ಕಾಲು ಮುರಿದ ದಿನವೂ ಅಳದಿದ್ದ ಮನುಷ್ಯ, ಆ ನೆಗ್ಗಿದ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ನಾನು ಅವರ ಪಕ್ಕದಲ್ಲಿ ಕೂತೆ.