ಸಿದ್ದಮ್ಮ ಬರೆದ ತೆಪ್ಪ

ನನ್ನ ಕ್ಲಾಸಿಗೆ ಬಂದವರೆಲ್ಲ ಮೊದಲ ದಿನವೇ ಹೂವು ಬರೆಯಬೇಕೆನ್ನುತ್ತಾರೆ. ಹೂವು ಇಲ್ಲ, ಗೆರೆ ಎಂದರೆ ಮುಖ ಸಣ್ಣದಾಗುತ್ತದೆ. ಆಯುಷ್ಯವೆಲ್ಲ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಸೊಟ್ಟ ಗೆರೆ ಕಂಡರೆ ಈಗಲೂ ಮೈ ಉರಿಯುತ್ತದೆ. ನಿವೃತ್ತನಾದ ಮೇಲೂ ಸುಮ್ಮನೆ ಕೂರಲಾಗದೆ ಸುಂಟಿಕೊಪ್ಪದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೊಂದು ಕೋಣೆ ಹಿಡಿದು ಭಾನುವಾರ ಪಾಠ ಮಾಡುತ್ತೇನೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ, ಹಾರಂಗಿ ಹಿನ್ನೀರಿನ ಕಡೆಯ ಸ್ತ್ರೀಶಕ್ತಿ ಸಂಘದವರು ಒಂದು ಗುಂಪು ಹೆಂಗಸರನ್ನು ನನ್ನಲ್ಲಿಗೆ ಕಳಿಸಿದರು. ಮರದ ಟ್ರೇಗಳ ಮೇಲೆ ಚಿತ್ರ ಬರೆದು ಟೂರಿಸ್ಟರಿಗೆ ಮಾರುವ ಯೋಚನೆ ಅವರದು. ನಾನು ಗೆರೆ ಎಳೆಸಿದೆ. ಮುಂದಿನ ಭಾನುವಾರವೂ ಗೆರೆಯೇ. ಒಬ್ಬೊಬ್ಬರಾಗಿ ಜಾರಿಕೊಂಡು, ಕೊನೆಗೆ ಸಿದ್ದಮ್ಮ ಒಬ್ಬರೇ ಉಳಿದರು.

ಐವತ್ತು ದಾಟಿದ ಹೆಂಗಸು. ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಮಾವನ ಕಾಲದಲ್ಲಿ ಅರಕಲಗೂಡು ಕಡೆಯಿಂದ ಬಂದು ಹಿನ್ನೀರಿನ ದಂಡೆಯಲ್ಲಿ ನೆಲೆಸಿದ ಮನೆತನ. ಎಸ್ಟೇಟಿನಲ್ಲಿ ಕಾಫಿ ಪಿಕ್ಕಿಂಗ್ ಮಾಡುತ್ತಿದ್ದರು.

“ನಂಗೆ ಹೂವು ಬ್ಯಾಡಿ ಮೇಷ್ಟ್ರೆ,” ಎಂದರು. “ಗೆರೆನೇ ಸಾಕು. ಗೆರೆ ಎಳೀತಿರುವಾಗ ತಲೆ ಒಳಗೆ ಬೇರೆ ಏನೂ ಸುಳಿಯಲ್ಲ.”

ಬೇರೆ ಏನು ಎಂದು ನಾನು ಕೇಳಲಿಲ್ಲ. ಕೆಳಗಿನ ಅಂಗಡಿಯವರು ಆಗಲೇ ಹೇಳಿದ್ದರು. ಗಂಡ ಕೃಷ್ಣಪ್ಪ ಗದ್ದೆ ಕೆಲಸದ ಜೊತೆಗೆ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಿದ್ದ. ಆರೇಳು ವರ್ಷದ ಹಿಂದೆ ಒಂದು ಬೆಳಗ್ಗೆ ತೆಪ್ಪ ತೆಗೆದುಕೊಂಡು ಹೋದವನು ಬರಲಿಲ್ಲ. ಸಂಜೆ ತೆಪ್ಪ ಮಾತ್ರ ದೂರದಲ್ಲಿ, ಅಣೆಕಟ್ಟೆಯ ಕಡೆಗೆ ತೇಲಿ ಹೋಗಿ ನಿಂತಿತ್ತು. ಅಲ್ಲೆಲ್ಲ ಮುಳುಗಿ ಹುಡುಕಿದರೂ ಹೆಣ ಸಿಗಲಿಲ್ಲ. ಹೆಣ ಸಿಗದಿದ್ದ ಮೇಲೆ ಜನರ ಬಾಯಿಗೆ ಬೀಗ ಎಲ್ಲಿ? ಶುಂಠಿ ಕೆಲಸಕ್ಕೆ ಬಂದಿದ್ದ ಯಾವಳೋ ಒಬ್ಬಳ ಹಿಂದೆ ಓಡಿಹೋದ, ತೆಪ್ಪ ಬಿಟ್ಟದ್ದು ಕಣ್ಣಿಗೆ ಮಣ್ಣೆರಚಲು ಎಂದರು. ಕೃಷ್ಣಪ್ಪನ ತಮ್ಮ ಮಲ್ಲಪ್ಪ, “ಅತ್ತಿಗೆ, ಸತ್ತ ಅಂದ್ರೆ ತಿಥಿ ಮಾಡಣ, ಬಿಟ್ಟೋದ ಅಂದ್ರೆ ಮರ್ತುಬಿಡಣ, ಎರಡರಲ್ಲಿ ಒಂದು ಹೇಳಿ,” ಎಂದು ವರ್ಷವರ್ಷವೂ ಕೇಳುತ್ತಿದ್ದ. ಸಿದ್ದಮ್ಮ ಎರಡನ್ನೂ ಹೇಳಲಿಲ್ಲ. ಮುತ್ತೈದೆಯೋ ವಿಧವೆಯೋ ಗಂಡ ಬಿಟ್ಟವಳೋ ಎಂದು ತಮಗೇ ಗೊತ್ತಿಲ್ಲದೆ ಬದುಕುತ್ತಿದ್ದರು.

ಗೆರೆ ಎಳೆಯಲು ನಾನು ಹೇಳಿಕೊಡುವ ಕ್ರಮ ಹಳೆಯದು. ಎರಡು ಚುಕ್ಕಿ ಇಡಬೇಕು. ಪೆನ್ಸಿಲ್ ತಾಗಿಸದೆ ಗಾಳಿಯಲ್ಲೇ ಒಂದೆರಡು ಸಲ ಕೈ ಆಡಿಸಬೇಕು. ಆಮೇಲೆ ಉಸಿರು ಹಿಡಿದು, ಮಣಿಕಟ್ಟು ಅಲುಗಿಸದೆ, ಭುಜದಿಂದಲೇ ಒಂದೇ ಸಲಕ್ಕೆ ಎಳೆದುಬಿಡಬೇಕು. ಸಿದ್ದಮ್ಮ ಹಳೆಯ ಪೇಪರುಗಳ ಮೇಲೆ ಅಂಚಿನಿಂದ ಅಂಚಿಗೆ ಗೆರೆ ತುಂಬಿಸಿ ತರುತ್ತಿದ್ದರು. ದೀಪಾವಳಿ ಹೊತ್ತಿಗೆ ಅವರ ಗೆರೆ ನಾಚಿಕೆಪಡುವಂತಿರಲಿಲ್ಲ.

ನಂತರ ಎಲಿಪ್ಸ್. ಲೋಟದ ಬಾಯಿ ದುಂಡಗಿದೆ ಎಂದು ತಲೆಗೆ ಗೊತ್ತು, ಆದರೆ ಕಣ್ಣಿಗೆ ಕಾಣುವುದು ಚಪ್ಪಟೆ ದುಂಡು. ಹೊಸಬರು ಅದರ ಎರಡು ತುದಿಗಳನ್ನು ಅವರೆಕಾಯಿಯ ಹಾಗೆ ಚೂಪು ಮಾಡುತ್ತಾರೆ, ನಾನು ಕೂಗಾಡುತ್ತೇನೆ. ಸಿದ್ದಮ್ಮ ಹತ್ತಿರ ಕೂಗಾಡುವ ಪ್ರಸಂಗ ಬೇಗ ಮುಗಿಯಿತು. ಲೋಟ, ಕೊಡ, ಊಟದ ತಟ್ಟೆ ಎಲ್ಲ ನಯವಾಗಿ ಬಂದವು.

“ತಟ್ಟೆ ಚೆನ್ನಾಗಿದೆ. ಮನೆಯಲ್ಲಿ ಅಭ್ಯಾಸ ಮಾಡಿದಿರಾ?”

“ಹ್ಞೂಂ ಮೇಷ್ಟ್ರೆ. ಅವರ ತಟ್ಟೆ. ದಿನಾ ಊಟದ ಹೊತ್ತಿಗೆ ಇಕ್ಕಿರ್ತೀನಲ್ಲ, ಅದನ್ನೇ ನೋಡ್ಕಂಡು ಬರ್ದೆ.”

ಕೆಂಪು ಪೆನ್ಸಿಲಿನಲ್ಲಿ ‘ಸರಿ’ ಎಂದು ಬರೆದು ಹಾಳೆ ವಾಪಸು ಕೊಟ್ಟೆ.

ಮೂರನೆಯದು ಪರ್ಸ್‌ಪೆಕ್ಟಿವ್. ದೂರದ್ದು ಸಣ್ಣದು, ಹತ್ತಿರದ್ದು ದೊಡ್ಡದು ಎನ್ನುವ ಲೆಕ್ಕ. ಪುಸ್ತಕಗಳೆಲ್ಲ ಇದಕ್ಕೆ ರೈಲು ಹಳಿಯ ಚಿತ್ರ ಕೊಡುತ್ತವೆ. ಕೊಡಗಿನಲ್ಲಿ ರೈಲೆಲ್ಲಿದೆ? ನಾನು ಎಸ್ಟೇಟ್ ರಸ್ತೆಯ ಎರಡು ಬದಿಯ ಸಿಲ್ವರ್ ಓಕ್ ಮರಗಳನ್ನು ತೋರಿಸುತ್ತೇನೆ. ಸಾಲುಗಳು ಹೋಗುತ್ತಾ ಹೋಗುತ್ತಾ ಒಂದು ಚುಕ್ಕಿಯಲ್ಲಿ ಕೂಡುತ್ತವೆ. ಆ ಚುಕ್ಕಿ ಇರುವುದು ನೋಡುವವರ ಕಣ್ಣಿನ ಮಟ್ಟದಲ್ಲಿ. ಚಿತ್ರದಲ್ಲಿ ಎಲ್ಲಕ್ಕಿಂತ ಮುಖ್ಯ ಈ ಕಣ್ಣಿನ ಮಟ್ಟವೇ. ಲೋಟ ಕಣ್ಣಿಗಿಂತ ಕೆಳಗಿದ್ದರೆ ಅದರ ಬಾಯಿಯ ಒಳಗು ಕಾಣುತ್ತದೆ. ಸರಿಯಾಗಿ ಕಣ್ಣಿನ ಮಟ್ಟಕ್ಕೆ ಎತ್ತಿದರೆ ಬಾಯಿ ಬರೀ ಗೆರೆಯಾಗುತ್ತದೆ. ಇನ್ನೂ ಮೇಲೆತ್ತಿದರೆ ಒಳಗು ಮಾಯವಾಗಿ ತಳ ಕಾಣಿಸುತ್ತದೆ. ಹಾಗಾಗಿ ಯಾವ ಚಿತ್ರವನ್ನಾದರೂ ನೋಡಿ, ಬರೆದವರ ಕಣ್ಣು ಎಲ್ಲಿತ್ತು ಎಂದು ಹೇಳಬಹುದು. ಅದು ಸುಳ್ಳು ಹೇಳುವುದಿಲ್ಲ.

“ನಿಮಗೆ ಚೆನ್ನಾಗಿ ಗೊತ್ತಿರುವ ವಸ್ತು ಒಂದನ್ನು ನೆನಪಿನಿಂದ ಬರೆದು ತನ್ನಿ,” ಎಂದೆ. ಅವರು ತೆಪ್ಪ ಬರೆದು ತಂದರು.

ಬಿದಿರು ಹೆಣೆದು, ಟಾರ್ಪಾಲು ಹೊದಿಸಿ, ಡಾಂಬರು ಬಳಿದ ದುಂಡನೆಯ ತೆಪ್ಪ. ಅದರ ಬಾಯಿಯೂ ಎಲಿಪ್ಸೇ ತಾನೆ. ಆದರೆ ಒಳಗು ಕಾಣುತ್ತಿರಲಿಲ್ಲ. ಅಂಚು ಮೇಲಕ್ಕೆ ಬಾಗಿತ್ತು, ಕರಿಯ ಹೊಟ್ಟೆ ನಮ್ಮ ಮೇಲೆ ಬಗ್ಗಿದಂತಿತ್ತು.

“ಇದು ತಪ್ಪು ಸಿದ್ದಮ್ಮ. ತೆಪ್ಪ ನೀರಿನ ಮೇಲಿರುತ್ತೆ, ನೀವು ದಂಡೆ ಮೇಲೆ ನಿಂತಿರ್ತೀರಿ. ಒಳಗು ಕಾಣಬೇಕು. ಇದು ನೀರಲ್ಲಿ ಕತ್ತಿನವರೆಗೆ ಮುಳುಗಿದವರು ನೋಡಿದ ಹಾಗಿದೆ,” ಎಂದು ನಕ್ಕೆ.

ಅವರು ನಗಲಿಲ್ಲ. ಮುಂದಿನ ವಾರ ಮತ್ತೆ ಬರೆದು ತಂದರು, ಮತ್ತೆ ಹಾಗೆಯೇ. ಲೋಟ ಎತ್ತಿ ಹಿಡಿದು, ಇಳಿಸಿ ತೋರಿಸಿದೆ. ಚೆನ್ನಾಗಿ ಅರ್ಥವಾಯಿತು ಎಂದರು, ಲೋಟ ಸರಿಯಾಗಿ ಬರೆದರು. ತೆಪ್ಪ ಮಾತ್ರ ಕೆಳಗಿನಿಂದಲೇ ಬಂತು. ನನ್ನೆದುರೇ ಬರೆಸಿದೆ. ಆಗ ಇನ್ನೊಂದು ವಿಷಯ ಗಮನಕ್ಕೆ ಬಂತು. ತೆಪ್ಪ ಬರೆಯುವಷ್ಟು ಹೊತ್ತೂ ಅವರು ಉಸಿರಾಡುತ್ತಿರಲಿಲ್ಲ. ಒಂದು ಗೆರೆಗೆ ಹಿಡಿಯಿರಿ ಎಂದು ನಾನೇ ಹೇಳಿದ್ದೆ, ಸರಿ. ಆದರೆ ಇಡೀ ಚಿತ್ರ ಮುಗಿಯುವವರೆಗೆ ಯಾರಾದರೂ ಹಿಡಿಯುತ್ತಾರೆಯೇ? ಮುಗಿಸಿ ಪೆನ್ಸಿಲ್ ಇಟ್ಟವರು, ನೀರಿನಿಂದ ತಲೆ ಎತ್ತಿದವರ ಹಾಗೆ ಬಾಯಿ ತೆರೆದು ಗಾಳಿ ಎಳೆದುಕೊಂಡರು.

ನನಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಸಿಟ್ಟು ಮಾಡಿಕೊಳ್ಳುವುದು ನನ್ನ ಸ್ವಭಾವ. “ಮುಂದಿನ ಭಾನುವಾರ ನಿಮ್ಮೂರಿಗೇ ಬರ್ತೀನಿ. ಕಣ್ಣೆದುರಿಗೆ ತೆಪ್ಪ ಇಟ್ಕೊಂಡು ಬರೀರಿ, ಹೇಗೆ ತಪ್ಪುತ್ತೆ ನೋಡೋಣ,” ಎಂದೆ.

ಬೇಸಿಗೆ ಶುರುವಾಗಿತ್ತು. ಬೆಳಗಿನ ಬಿಸಿಲಿಗೆ ಹಿನ್ನೀರು ತಟ್ಟೆಯ ಹಾಗೆ ಅಲುಗದೆ ಬಿದ್ದಿತ್ತು. ಮಲ್ಲಪ್ಪ ತನ್ನ ತೆಪ್ಪವನ್ನು ಸ್ವಲ್ಪ ದೂರಕ್ಕೆ ತಳ್ಳಿ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದ. ಸಿದ್ದಮ್ಮ ನೀರಿನ ಕಡೆ ಮುಖ ಮಾಡಿ ದಂಡೆಯ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯತೊಡಗಿದರು. ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ನಾನು ಅವರ ಭುಜದಾಚೆಯಿಂದ ಬಗ್ಗಿ ನೋಡಿದೆ.

ತೆಪ್ಪ ಕೆಳಗಿನಿಂದಲೇ ಬಂದಿತ್ತು. ಅದಕ್ಕಿಂತ ಹೆಚ್ಚಾಗಿ, ತೆಪ್ಪದ ಹಿಂದೆ ಬರೆದದ್ದು ಎದುರಿಗಿದ್ದ ಗುಡ್ಡವಲ್ಲ. ದಂಡೆ, ದಂಡೆಯ ಮೇಲೆ ಏರಿಹೋಗುವ ಸಿಲ್ವರ್ ಮರದ ಸಾಲು, ಒಂದು ಬಂಡೆ, ಬಂಡೆಗೆ ಮೂಲೆ ತಾಗಿಸಿಕೊಂಡ ಪಂಪ್‌ಹೌಸು. ನಾನು ತಿರುಗಿ ನೋಡಿದೆ. ಅವೆಲ್ಲ ನಮ್ಮ ಬೆನ್ನ ಹಿಂದೆ ಇದ್ದವು. ಸಿದ್ದಮ್ಮ ಒಂದು ಸಲವೂ ಹಿಂದಕ್ಕೆ ತಿರುಗಿರಲಿಲ್ಲ. ಚಿತ್ರದ ದಂಡೆಯ ಮೇಲೆ, ಬೆರಳುದ್ದದ ಒಬ್ಬ ಹೆಂಗಸು ನಿಂತಿದ್ದಳು. ಕೈಯಲ್ಲಿ ಏನನ್ನೋ ಹಿಡಿದಿದ್ದಳು.

ಅವರು ಪೆನ್ಸಿಲ್ ಬಿಟ್ಟು, ಉಸಿರು ಎಳೆದುಕೊಂಡರು.

“ಇದು ಯಾರು?” ಎಂದೆ.

ಅವರು ಹಾಳೆಯನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. “ನಾನೇ ಕಣಿ ಮೇಷ್ಟ್ರೆ. ಬುತ್ತಿ ಹಿಡ್ಕಂಡಿದೀನಿ.” ಚಿತ್ರದ ಬಂಡೆಯ ಮೇಲೆ ಬೆರಳಿಟ್ಟು ಹೇಳಿದರು. “ಆವತ್ತು ಬೆಳಗ್ಗೆ ಬುತ್ತಿ ತಂದಿದ್ದೆ. ತೆಪ್ಪ ಇಲ್ಲೇ ತೇಲ್ತಿತ್ತು. ಒಳಗೆ ಅವ್ರು ಇರ್ಲಿಲ್ಲ. ಎರಡು ಸಲ ಕೂಗ್ದೆ. ಸೌದೆಗೆ ಎಲ್ಲೋ ಇಳಿದಿರ್ಬೇಕು, ತೆಪ್ಪ ಕಟ್ಟಿದ್ದ ಹಗ್ಗ ಬಿಚ್ಕಂಡಿರ್ಬೇಕು ಅಂತ ಬುತ್ತಿ ಬಂಡೆ ಮೇಲಿಟ್ಟು ಹೊರಟೋದೆ. ಎಸ್ಟೇಟ್ ಜೀಪು ಬಂದಿತ್ತು, ಪಿಕ್ಕಿಂಗಿಗೆ ಹೊತ್ತಾಗಿತ್ತು. ನಾನು ನೋಡಿದ್ದು ಖಾಲಿ ತೆಪ್ಪ ಅಂತ ಯಾರಿಗೆ ಹೇಳಿದ್ರೂ, ನೋಡು, ಆಗ್ಲೇ ಓಡೋಗಿದ್ದ ಅಂದ್ರು.”

ಮಲ್ಲಪ್ಪ ಚಿತ್ರವನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

ಅದನ್ನು ಅಲ್ಲಿಗೇ ಬಿಟ್ಟು ಮನೆಗೆ ಬಂದಿದ್ದರೆ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತೇನೋ. ಆದರೆ ಮೇಷ್ಟ್ರ ಬುದ್ಧಿ ಬಿಡಬೇಕಲ್ಲ. ಆ ಚಿತ್ರದಲ್ಲಿ ಸಿಲ್ವರ್ ಮರಗಳು ಒಂದರ ಹಿಂದೆ ಒಂದು ಮರೆಯಾಗಿ ಇಡೀ ಸಾಲು ಒಂದೇ ಮರದಂತೆ ಕಾಣುತ್ತಿತ್ತು. ಪಂಪ್‌ಹೌಸಿನ ಮೂಲೆ ಬಂಡೆಗೆ ಸರಿಯಾಗಿ ತಾಗಿತ್ತು. ದಂಡೆಯಿಂದ ನೋಡಿದರೆ ಮರಗಳು ಬಿಡಿಬಿಡಿಯಾಗಿವೆ, ಪಂಪ್‌ಹೌಸಿಗೂ ಬಂಡೆಗೂ ನಡುವೆ ಒಂದು ಜೀಪು ಹೋಗುವಷ್ಟು ಜಾಗವಿದೆ. ಮರಗಳೆಲ್ಲ ಒಂದಾಗುವುದೂ, ಮೂಲೆ ಬಂಡೆಗೆ ತಾಗುವುದೂ ಒಟ್ಟಿಗೆ ಕಾಣುವ ಜಾಗ ಇಡೀ ಹಿನ್ನೀರಿನಲ್ಲಿ ಒಂದೇ ಇರಲು ಸಾಧ್ಯ. ಬರೆದವರ ಕಣ್ಣು ಅಲ್ಲಿತ್ತು.

“ತೆಪ್ಪ ಬಿಚ್ಚು ಮಲ್ಲಪ್ಪ,” ಎಂದೆ.

ಸಿದ್ದಮ್ಮನನ್ನು ದಂಡೆಯಲ್ಲೇ ನಿಲ್ಲಿಸಿ ನಾವಿಬ್ಬರೂ ಹೋದೆವು. ನಾನು ದಂಡೆಯ ಕಡೆ ಮುಖ ಮಾಡಿ, ಹಾಳೆ ಹಿಡಿದು, ಎಡಕ್ಕೆ ಬಿಡು, ಬಲಕ್ಕೆ ಬಿಡು ಎನ್ನುತ್ತಿದ್ದೆ. ಮರಗಳು ಒಂದೊಂದಾಗಿ ಮುಂದಿನ ಮರದ ಹಿಂದೆ ಸರಿದು ಅಡಗಿದವು. ಕೊನೆಗೆ ಒಂದೇ ಮರ ಉಳಿಯಿತು. ಮೂಲೆ ಬಂಡೆಗೆ ತಾಗಿತು. ಆದರೂ ಚಿತ್ರದಲ್ಲಿದ್ದಷ್ಟು ತಗ್ಗಿನಿಂದ ನೋಡಿದ ಹಾಗೆ ಕಾಣಲಿಲ್ಲ. ನಾನು ತೆಪ್ಪದ ಅಂಚಿನಿಂದ ಬಗ್ಗಿ, ಗಲ್ಲ ನೀರಿಗೆ ತಾಗುವಷ್ಟು ತಲೆ ಇಳಿಸಿದೆ. ಆಗ ಎಲ್ಲವೂ ಹಾಳೆಯಲ್ಲಿ ಇದ್ದಂತೆಯೇ ಕೂತವು. ದಂಡೆಯ ಮೇಲೆ ಸಿದ್ದಮ್ಮ ಬೆರಳುದ್ದ ನಿಂತಿದ್ದರು.

ಮಲ್ಲಪ್ಪ ಬಿದಿರ ಗಳವನ್ನು ನೀರಿಗೆ ಇಳಿಸಿದ. ಅದು ಕೆಳಗೆ ಏನಕ್ಕೋ ಬಡಿಯಿತು. “ಹಳೇ ಮರದ ಬೊಡ್ಡೆ ಮೇಷ್ಟ್ರೆ. ಡ್ಯಾಂ ಕಟ್ಟಿದಾಗ ಮುಳುಗಿದ್ದು,” ಎಂದ. ಗಳ ಮೇಲಕ್ಕೆ ಎಳೆದಾಗ ತುದಿಗೆ ಕೊಳೆತ ಬಲೆಯ ಎಳೆ ಸಿಕ್ಕಿಕೊಂಡು ಬಂತು. ಅವನು ಅದನ್ನು ಬಿಡಿಸಲೂ ಹೋಗದೆ ದಂಡೆಯವರೆಗೆ ತೆಪ್ಪ ಹೊಡೆದ.

ಬಲೆ ಸಿಕ್ಕಿದ ಬೊಡ್ಡೆಯ ಬುಡಕ್ಕೆ ಮುಳುಗಲು ಯಾರೂ ಒಪ್ಪದೆ, ನೀರು ಇಳಿಯುವವರೆಗೆ ಕಾಯಬೇಕಾಯಿತು. ಈ ಸಲ ನೀರು ಎಂದೂ ಇಳಿಯದಷ್ಟು ಇಳಿದು, ಮೇ ತಿಂಗಳ ಕೊನೆಗೆ ಬೊಡ್ಡೆ ತಲೆ ಎತ್ತಿತು. ಬೇರುಗಳಿಗೆ ಬಲೆ ಸುತ್ತಿಕೊಂಡಿತ್ತು, ಬಲೆಯ ಒಳಗೆ ಕೆಸರಿನಲ್ಲಿ ಕೃಷ್ಣಪ್ಪ ಇದ್ದ. ಬೊಡ್ಡೆಗೆ ಸಿಕ್ಕಿದ ಬಲೆ ಬಿಡಿಸಲು ಇಳಿದು, ಕಾಲು ಸಿಕ್ಕಿಹಾಕಿಕೊಂಡು, ಕೂಗಲು ಬಾಯಿ ತೆರೆದರೆ ನೀರು ನುಗ್ಗುವಂತೆ ತಲೆಯಷ್ಟೇ ಮೇಲಿಟ್ಟುಕೊಂಡು ಎಷ್ಟು ಹೊತ್ತು ಒದ್ದಾಡಿದನೋ. ಪೊಲೀಸರು ಬಂದರು, ಮಹಜರು ಆಯಿತು. ಸೊಂಟದ ಉಡಿದಾರದ ಬೆಳ್ಳಿ ತಾಯಿತ ನೋಡಿ ಸಿದ್ದಮ್ಮ ಗುರುತು ಹಿಡಿದರು.

ನಾನು ಅಂಜುತ್ತಿದ್ದದ್ದು ಒಂದೇ ವಿಷಯಕ್ಕೆ. ಆ ಚಿತ್ರದಲ್ಲಿ ಬುತ್ತಿ ಹಿಡಿದ ಹೆಂಗಸು ನಿಂತಿದ್ದಾಳೆ ಎಂದರೆ, ಅವರು ಬಂದು ಕೂಗಿದಾಗ ಅವನು ಅಲ್ಲೇ ಇದ್ದ, ತೆಪ್ಪದ ಮರೆಯಲ್ಲಿ, ಜೀವಂತ ಇದ್ದ ಎಂದು ಅರ್ಥ. ಇದು ಅವರಿಗೆ ಹೊಳೆಯದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಹೊಳೆಯದೆ ಇರುತ್ತದೆಯೇ? ತಾಯಿತವನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಅವರು ಮಲ್ಲಪ್ಪನಿಗೆ ಹೇಳಿದರು.

“ಓಡೋದ ಅಂದ್ರಲ್ಲ ಎಲ್ರೂ. ಎಲ್ಲಿಗೂ ಹೋಗಿರ್ಲಿಲ್ಲ ಕಣಪ್ಪ. ನಾನು ಹೊರಟೋಗೋವರ್ಗೂ ನನ್ನನ್ನೇ ನೋಡ್ತಾ ಇದ್ರು.” ಆಮೇಲೆ ಕೆಸರಿನಲ್ಲೇ ಕೂತು ಅತ್ತರು. ಆರೇಳು ವರ್ಷದ ಅಳು ಅದು. ಯಾರೂ ತಡೆಯಲಿಲ್ಲ.

ತಿಥಿ ಆಯಿತು. ಇನ್ನು ಅವರು ಕ್ಲಾಸಿಗೆ ಬರಲಾರರು ಎಂದುಕೊಂಡಿದ್ದೆ. ಮಳೆ ಹಿಡಿದ ಮೇಲೆ ಒಂದು ಭಾನುವಾರ ಮೆಟ್ಟಿಲು ಹತ್ತಿ ಬಂದರು. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಹಾಳೆ ಕೊಟ್ಟೆ. ಅವರು ಎರಡು ಚುಕ್ಕಿ ಇಟ್ಟು ಗಾಳಿಯಲ್ಲಿ ಕೈ ಆಡಿಸಿದರು.

ತೆಪ್ಪವನ್ನೇ ಬರೆದರು. ನಾನು ಅವರ ಉಸಿರನ್ನೇ ಕೇಳುತ್ತಾ ಕೂತೆ. ಒಂದು ಗೆರೆಗೆ ಹಿಡಿಯುವರು, ಬಿಡುವರು, ಇನ್ನೊಂದು ಗೆರೆಗೆ ಹಿಡಿಯುವರು. ಎಲ್ಲರೂ ಮಾಡುವ ಹಾಗೆ.

ಮುಗಿಸಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ದಂಡೆಯ ಮೇಲೆ ನಿಂತು ನೋಡಿದ ತೆಪ್ಪ. ಬಾಯಿ ಅಗಲವಾಗಿ, ನಯವಾಗಿ ತೆರೆದಿತ್ತು. ಒಳಗಿನ ಬಿದಿರ ಹೆಣಿಗೆ, ಅಡ್ಡ ಹಲಗೆ ಎಲ್ಲ ಕಾಣುತ್ತಿದ್ದವು. ಹಿಂದೆ ಎದುರಿನ ಗುಡ್ಡ. ಹುಡುಕಿದರೂ ಒಂದೂ ತಪ್ಪು ಇರಲಿಲ್ಲ. ಮೊದಲ ಸಲ ಅವರ ತೆಪ್ಪದ ಮೇಲೆ ಕೆಂಪು ಪೆನ್ಸಿಲಿನಲ್ಲಿ ‘ಸರಿ’ ಎಂದು ಬರೆದೆ.

ಸಿದ್ದಮ್ಮ ಆ ಅಕ್ಷರಗಳನ್ನು ನೋಡಿದರು.

“ಇದು ಬರೀ ನನ್ನ ಕಣ್ಣು ಮೇಷ್ಟ್ರೆ,” ಎಂದರು. “ಅವ್ರು ಹೋದ್ರು.”